ಮಹಡಿಯ ನೀರು ನಮ್ಮ ಬಚ್ಚಲಲ್ಲಿ

ಡಿಸೆಂಬರಿನ ಒಂದು ಭಾನುವಾರ. ಮಹಡಿ ಮೇಲೆ ನನ್ನ ಓರಗಿತ್ತಿ ವಾಷಿಂಗ್ ಮೆಷಿನ್ ಹಾಕಿದ್ದಳು. ಅದರ ನೊರೆ ಕೆಳಗೆ ನಮ್ಮ ಬಚ್ಚಲ ಜಾಲರಿಯಿಂದ ಮೇಲೆದ್ದು ಬಂತು. ನೊರೆಯ ಹಿಂದೆ ಕಪ್ಪು ನೀರು, ಅದರ ಹಿಂದೆ ಗಬ್ಬುನಾತ. ಅತ್ತೆ ಆಗಷ್ಟೇ ಸ್ನಾನ ಮುಗಿಸಿ ಹೊರಗೆ ಬಂದಿದ್ದು ಪುಣ್ಯ.

ಸಿಂಕ್ ಒಂದೇ ಕಟ್ಟಿಕೊಂಡರೆ ಗಾಬರಿ ಬೇಡ. ಅದರ ಅಡಿಯ ಬಾಗಿದ ಪೈಪನ್ನು ಬಿಚ್ಚಿ, ಬಕೆಟ್ ಹಿಡಿದು ಬಗ್ಗಿಸಿದರೆ ಆಯ್ತು. ಬಚ್ಚಲಲ್ಲಿ ಮಾತ್ರ ನೀರು ನಿಂತರೆ ಮುಕ್ಕಾಲುಪಾಲು ಕೂದಲಿನ ಕೆಲಸ. ಒಂದು ಕಡೆ ಬಿಟ್ಟ ನೀರು ಇನ್ನೊಂದು ಕಡೆ ಎದ್ದರೆ ಮಾತ್ರ ವಿಷಯ ಬೇರೆ. ಎರಡೂ ಪೈಪು ಸೇರಿದ ಮೇಲೆ, ಮುಂದೆಲ್ಲೋ ಕಟ್ಟಿದೆ ಅಂತ ಅರ್ಥ. ಹಿಂದಕ್ಕೆ ಬರುವ ನೀರು ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿ ಹುಡುಕುತ್ತದೆ. ಹಾಗಾಗಿ ಯಾರು ಏನೇ ಸುರಿದರೂ ಅನುಭವಿಸೋದು ಕೆಳಗಿನ ಮನೆಯವರೇ. ಓರಗಿತ್ತಿಗೆ ಇದನ್ನು ಹೇಳುವ ಅವಕಾಶ ನಾನು ಬಿಡಲಿಲ್ಲ.

ಮೊದಲು ಎರಡೂ ಮನೆಯ ನಲ್ಲಿ ಬಂದ್ ಮಾಡಿಸಿದೆ. ಅಷ್ಟರಲ್ಲಿ ನಮ್ಮೆಜಮಾನರು ಅಂಗಡಿಗೆ ಹೋಗಿ ಡ್ರೇನ್ ಪುಡಿ ತಂದಿದ್ದರು. ಬೇಡ ಅಂದೆ. ಅದರಲ್ಲಿ ಇರೋದು ಹೆಚ್ಚಾಗಿ ಕಾಸ್ಟಿಕ್ ಸೋಡ. ಎಲ್ಲೋ ದೂರದಲ್ಲಿ ಕಟ್ಟಿರುವಾಗ ನಿಂತ ನೀರಿಗೆ ಸುರಿದರೆ ಅದು ಅಲ್ಲೇ ಕರಗಿ ಕೂರುತ್ತದೆ. ಆಮೇಲೆ ಕೈ ಹಾಕುವ ಪ್ಲಂಬರ್‌ಗೆ ಸುಡುತ್ತದೆ. ಇನ್ನು ಅದರ ಮೇಲೆ ಟಾಯ್ಲೆಟ್ ಆಸಿಡ್ ಬಿದ್ದರೆ ಕುದ್ದು ಮುಖಕ್ಕೇ ಸಿಡಿಯಬಹುದು. ಆಸಿಡ್ ಜೊತೆ ಬ್ಲೀಚಿಂಗ್ ಪುಡಿ ಸೇರಿದರಂತೂ ಕ್ಲೋರಿನ್ ಗ್ಯಾಸ್. ಎಷ್ಟೋ ಮನೆಗಳಲ್ಲಿ ಇವೆಲ್ಲ ಒಂದೇ ಮೂಲೆಯಲ್ಲಿ ಇರುತ್ತವೆ, ಅಲ್ವಾ?

ಪ್ಲಂಬರ್ ಅಣ್ಣ ಬರುತ್ತಲೇ ಹಾರೆಯಿಂದ ಚೇಂಬರ್‌ಗಳ, ಅಂದರೆ ಕೊಳಚೆ ಪೈಪು ಬಂದು ಸೇರುವ ಗುಂಡಿಗಳ, ಮುಚ್ಚಳ ಎಬ್ಬಿಸಿದರು. ಎಬ್ಬಿಸಿ, ದೂರ ನಿಂತು, ಒಂದು ಬೀಡಿ ಸೇದುವಷ್ಟು ಹೊತ್ತು ಸುಮ್ಮನಿದ್ದರು. ಬೀಡಿ ಮಾತ್ರ ಹಚ್ಚಲಿಲ್ಲ. "ಗ್ಯಾಸ್ ಇರ್ತದಕ್ಕ, ಹೋಗ್ಲಿ." ಹಿತ್ತಿಲ ಚೇಂಬರ್ ಬಾಯಿತನಕ ತುಂಬಿತ್ತು. ಅದರ ನೀರು ಮುಂದೆ ಹೋಗಿ ಸೇರಬೇಕಾದ ಗೇಟಿನ ಹತ್ತಿರದ್ದು ಖಾಲಿ. ಅಂದರೆ ತಡೆ ಇವೆರಡರ ನಡುವೆ, ನಮ್ಮ ಕಾಂಪೌಂಡಿನ ಒಳಗೆ. ಗೇಟಿನದೂ ತುಂಬಿದ್ದರೆ ತಡೆ ಅದರಾಚೆ ಅಂತ ಲೆಕ್ಕ. ರಸ್ತೆಯ ಲೈನ್ ಕಟ್ಟಿದ್ದರೆ ಬೆಂಗಳೂರಿನಲ್ಲಿ ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ರಭಸದಿಂದ ನೀರು ಹೊಡೆದು ತಡೆ ಬಿಡಿಸುವ ಜೆಟ್ಟಿಂಗ್ ಗಾಡಿಗೆ ಕಾಯಬೇಕು.

ಇಷ್ಟರಲ್ಲಿ ಎದುರು ಮನೆಯ ಅಂಕಲ್ ಕಾಂಪೌಂಡಿಗೆ ಒರಗಿ ಸಲಹೆ ಕೊಟ್ಟರು. "ಒಬ್ಬ ಹುಡುಗ ಇದಾನಮ್ಮ, ರಸ್ತೆ ಮ್ಯಾನ್‌ಹೋಲ್‌ಗೆ ಇಳಿದು ಅಲ್ಲಿಂದ ಹೊಡೀತಾನೆ. ಐನೂರು ಕೊಟ್ರೆ ಸಾಕು." ಒಳ್ಳೆಯವರೇ. ಆದರೂ ನನಗೆ ಮೈಯೆಲ್ಲ ಉರಿಯಿತು. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದರೆ ಮೂಗಿಗೆ ವಾಸನೆಯೇ ಗೊತ್ತಾಗೋದಿಲ್ಲ. ಇಳಿದವನು ಅಲ್ಲೇ ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ. ಹೀಗೆ ರಕ್ಷಣೆಯಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ. ಅದು ಸರ್ಕಾರಕ್ಕೆ ಎಷ್ಟೋ ಮನೆ ಯಜಮಾನರಿಗೂ ಅಷ್ಟೇ. 2023ರಲ್ಲಿ ಸುಪ್ರೀಂ ಕೋರ್ಟು ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಿತು. ಸಾಯುವುದು ನಿಂತಿಲ್ಲ ಅಂತ ತಾನೇ ಏರಿಸಿದ್ದು? "ಯಾರೂ ಇಳಿಯೋದು ಬೇಡ ಅಂಕಲ್" ಅಂದೆ. ಅವರು ಪೇಪರ್ ಓದಲು ಒಳಗೆ ಹೋದರು.

ಹಿಂದೆಲ್ಲ ಇದಕ್ಕೆ ಬಿದಿರಿನ ದಬ್ಬೆ ತೂರಿಸುತ್ತಿದ್ದರು. ಈಗ ಉದ್ದನೆಯ ಸ್ಟೀಲ್ ಸ್ಪ್ರಿಂಗ್ ಬಂದಿದೆ. ಅಣ್ಣ ಖಾಲಿ ಚೇಂಬರಿನ ಕಡೆಯಿಂದ ಅದನ್ನು ಒಳಗೆ ಬಿಟ್ಟು ಹಿಡಿ ತಿರುಗಿಸುತ್ತಾ ಹೋದರು. ಒಂದು ಕಡೆ ತಡೆಯಿತು. ಹಿಂದೆ ಮುಂದೆ ಎಳೆದಾಡಿದರು. ಆಮೇಲೆ ಗುಡುಗುಡು ಸದ್ದು. "ಅಕ್ಕಾ, ಆ ಕಡೆ!" ಅಂತ ಅವರು ಪಕ್ಕಕ್ಕೆ ಜಿಗಿಯುವುದಕ್ಕೂ ಹಿತ್ತಿಲಿನ ನೀರೆಲ್ಲ ರಭಸದಿಂದ ಬರುವುದಕ್ಕೂ ಸರಿಹೋಯಿತು.

ಸ್ಪ್ರಿಂಗಿನ ತುದಿಗೆ ಸಿಕ್ಕಿ ಬಂದಿದ್ದು ಮೊಳದುದ್ದದ ಬೇರಿನ ಜಡೆ. ಬೀದಿಯ ಹೊಂಗೆ ಮರದ್ದು. ಮಾವನವರು ಮನೆ ಕಟ್ಟಿಸಿದಾಗ ಹಾಕಿದ್ದು ಸುಟ್ಟ ಮಣ್ಣಿನ ಸ್ಟೋನ್‌ವೇರ್ ಪೈಪು, ಎರಡು ಮೂರು ಅಡಿಗೊಂದು ಸಿಮೆಂಟ್ ಜಾಯಿಂಟ್. ಆ ಸಿಮೆಂಟ್ ಬಿರುಕು ಬಿಟ್ಟರೆ ಕೂದಲೆಳೆಯಂಥ ಬೇರು ನೀರಿನ ಆಸೆಗೆ ಒಳಗೆ ನುಗ್ಗಿ, ಅಲ್ಲೇ ಪೊದೆಯಾಗಿ ಬೆಳೆಯುತ್ತದೆ. ನಮ್ಮ ಬೇರಿನ ಸುತ್ತ ಬಿಳಿ ಜಿಡ್ಡು ಮೇಣದಂತೆ ಮೆತ್ತಿತ್ತು. ಅದರೊಳಗೆ ಕಾಯಿತುರಿ, ಟೀ ಚರಟ, ಪಾತ್ರೆ ಉಜ್ಜುವ ನಾರು. ಮತ್ತೆ, ಹೇರಳವಾಗಿ, ಅವರೆಕಾಳಿನ ಸಿಪ್ಪೆ.

ಹಿತಕವರೆ ಕಾಲ. ಕಾಳು ನೆನೆಸಿ, ಹಿಸುಕಿ, ಆ ನೀರನ್ನು ಸಿಂಕಿಗೆ ಬಗ್ಗಿಸಿದವರು ಯಾರು? ಓರಗಿತ್ತಿ ನನ್ನನ್ನು ನೋಡಿದಳು, ನಾನು ಅವಳನ್ನು ನೋಡಿದೆ. "ಎರಡು ಮನೇಲೂ ವಾರವೆಲ್ಲ ಅದೇ ಹುಳಿ, ಅದೇ ಉಪ್ಪಿಟ್ಟು, ಸುಮ್ನಿರಿ" ಅಂದರು ಅತ್ತೆ. ಪಂಚಾಯ್ತಿ ಮುಗಿಯಿತು.

ಜಿಡ್ಡು ಹೋಗಲಿ ಅಂತ ಬಿಸಿನೀರು ಸುರಿಯುತ್ತೀವಿ. ಅದು ಕರಗಿ ಮುಂದೆ ಹೋಗಿ, ತಣ್ಣಗಾದ ಕಡೆ ಮತ್ತೆ ಹೆಪ್ಪುಗಟ್ಟುತ್ತದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಬಾಟಲಿ ತಲೆಕೆಳಗು ಮಾಡಿ ಬಡಿಯುವ ನಮಗೆ ಇದನ್ನು ಬೇರೆ ಹೇಳಬೇಕಾ? ಈಗ ನಮ್ಮಲ್ಲಿ ಬಾಣಲೆಯನ್ನು ಹಳೆ ಪೇಪರಿನಿಂದ ಒರೆಸಿಯೇ ತೊಳೆಯೋದು. ಸಿಂಕಿಗೆ ಸಣ್ಣ ಕಣ್ಣಿನ ಜಾಲರಿ ಬಂದಿದೆ. ಅವರೆ ಸಿಪ್ಪೆ ಕರಿಬೇವಿನ ಬುಡಕ್ಕೆ.

ಆ ಎರಡು ಚೇಂಬರಿನ ನಡುವಿನ ಪೈಪನ್ನು ಮುಂದಿನ ವಾರವೇ ಅಗೆಸಿ ನಾಲ್ಕಿಂಚಿನ ಪಿವಿಸಿ ಹಾಕಿಸಿದೆವು. ಮೇಸ್ತ್ರಿ ಕಣ್ಣಳತೆಯಲ್ಲೇ ಮುಗಿಸಲು ನೋಡಿದರು. ಅಣ್ಣ ಬಿಡಲಿಲ್ಲ, ನಲವತ್ತು ಅಡಿಗೆ ಒಂದು ಅಡಿ ಇಳಿಜಾರು ಬೇಕೇ ಬೇಕು ಅಂತ ನೀರಿನ ಟ್ಯೂಬ್ ಹಿಡಿದು ಮಟ್ಟ ನೋಡಿದರು.

ಅಗೆಯುವಾಗ ಇನ್ನೊಂದು ಹೊರಬಿತ್ತು. ತಾರಸಿಯ ಮಳೆನೀರಿನ ಪೈಪು ಸೀದಾ ಹಿತ್ತಿಲ ಚೇಂಬರಿಗೇ ಸೇರಿದೆ! ಹೀಗೆ ಮಾಡಬಾರದು ಅಂತ ಜಲಮಂಡಳಿ ಹೇಳುತ್ತಲೇ ಇರುತ್ತದೆ. ಜೋರು ಮಳೆಯಲ್ಲಿ ಬೀದಿಯ ಮ್ಯಾನ್‌ಹೋಲ್ ಉಕ್ಕಲು ಇದೂ ಒಂದು ಕಾರಣ. ಅದನ್ನು ನೆಲದಡಿಯ ನೀರಿನ ತೊಟ್ಟಿಗೆ, ಅಂದರೆ ಸಂಪ್‌ಗೆ, ತಿರುಗಿಸಬೇಕು. ಖರ್ಚು ಅರ್ಧರ್ಧ ಅಂತ ಓರಗಿತ್ತಿ ಒಪ್ಪಿದ್ದಾಳೆ, ಮೈದುನ ಇನ್ನೂ ಲೆಕ್ಕ ಹಾಕುತ್ತಿದ್ದಾನೆ.