ರೆಬೆಕ್ಕಾ ಕೊಟ್ಟು ಕಳಿಸಿದ ದುಪ್ಪಟಿ

ಕಂಬರ್‌ಲ್ಯಾಂಡ್ ಗ್ಯಾಪ್ ತಲುಪಿದಾಗ ಬೆಳಗ್ಗೆ ಎಂಟೂವರೆ. ಅಕ್ಟೋಬರ್ ತಿಂಗಳು. ಬೆಟ್ಟದ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಸಿನ್ಸಿನಾಟಿಯಲ್ಲಿರುವ ಅಕ್ಕ ಮೊದಲೇ ಕೇಳಿದ್ದಳು, "ಅಷ್ಟು ದೂರ ಬಂದು ನಯಾಗರ ಬಿಟ್ಟು ಯಾವುದೋ ಕಣಿವೆ ನೋಡ್ತೀನಿ ಅಂತೀಯಲ್ಲೇ?" ನನಗೆ ಬೇಕಿದ್ದದ್ದು ಆ ಕಣಿವೆಯೇ. ರೆಬೆಕ್ಕಾ ಬೂನ್ ಎಂಬ ಹೆಂಗಸು ನಡೆದ ದಾರಿ ಅದು.

ಗಂಡ ಡೇನಿಯಲ್ ಬೂನ್ ಹೆಸರು ಅಮೆರಿಕದ ಮಕ್ಕಳಿಗೆಲ್ಲ ಗೊತ್ತು. ಕೆಂಟಕಿಗೆ ದಾರಿ ಕಡಿದವನು. ಊರಿಗೆ, ರಸ್ತೆಗೆ, ಕಾಡಿಗೆ ಎಲ್ಲಾ ಅವನದೇ ಹೆಸರು. ಅವನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಬೇಟೆಗೆ ಹೋದಾಗ ಮನೆ ನಡೆಸಿದವರು ಯಾರು? 1769ರಲ್ಲಿ ಹೋದವನು ಮರಳಿದ್ದು 1771ರಲ್ಲಿ. ಅಲ್ಲಿವರೆಗೆ ಹೊಲ, ದನ, ಮಕ್ಕಳು ಎಲ್ಲ ಅವಳ ಮೇಲೆಯೇ.

ಅಪಲೇಚಿಯನ್ ಬೆಟ್ಟಸಾಲಿನಲ್ಲಿ ಇಲ್ಲೊಂದು ತಗ್ಗು ಇದೆ. ವರ್ಜೀನಿಯಾ, ಟೆನೆಸ್ಸಿ, ಕೆಂಟಕಿ ಮೂರೂ ಇಲ್ಲಿ ಸೇರುತ್ತವೆ. ಮೊದಲು ಈ ತಗ್ಗಿನ ಮೇಲೆಯೇ ಹೆದ್ದಾರಿ ಇತ್ತು. 1996ರಲ್ಲಿ ಬೆಟ್ಟದ ಕೆಳಗೆ ಸುರಂಗ ತೆರೆದ ಮೇಲೆ ಡಾಂಬರು ಕಿತ್ತು, ಮಣ್ಣು ಹಾಕಿ, ಹಳೆಯ ಕಾಲುದಾರಿಯಂತೆ ಮಾಡಿದ್ದಾರೆ. ಎಷ್ಟು ಒಳ್ಳೆಯ ಕೆಲಸ! ನಾವು ಮೂವರು, ಅಕ್ಕ, ಅವಳ ಮಗಳು ಮತ್ತು ನಾನು, ಒದ್ದೆ ಎಲೆ ತುಳಿಯುತ್ತಾ ಹತ್ತಿದೆವು. ಸೊಸೆಯಂದಿರು, ಬಸುರಿಯರು, ಮುದುಕಿಯರು ಹೀಗೇ ಹತ್ತಿರಬೇಕು, ಕಂಕುಳಲ್ಲಿ ಕೂಸು ಇಟ್ಟುಕೊಂಡು.

ರೆಬೆಕ್ಕಾ ಬ್ರಯನ್ ಹುಟ್ಟಿದ್ದು 1739ರಲ್ಲಿ, ವರ್ಜೀನಿಯಾದ ವಿಂಚೆಸ್ಟರ್ ಹತ್ತಿರ. ಬ್ರಯನ್ ಮನೆತನ ನಾರ್ತ್ ಕೆರೊಲಿನಾದ ಯಾಡ್ಕಿನ್ ನದಿಯ ದಂಡೆಗೆ ಗುಳೆ ಹೋಯಿತು. 1756ರಲ್ಲಿ ಹದಿನೇಳರ ಹುಡುಗಿ ಡೇನಿಯಲ್‌ನನ್ನು ಮದುವೆಯಾದಳು. ಹೊಸ ಸಂಸಾರಕ್ಕೇ ತೀರಿಹೋದ ಭಾವನ ಇಬ್ಬರು ಗಂಡುಮಕ್ಕಳು ಬಂದು ಸೇರಿದರು. ಮುಂದೆ ಹೆಂಡತಿ ಸತ್ತ ತನ್ನ ಸೋದರನ ಆರು ಮಕ್ಕಳು. ಸ್ವಂತ ಮಕ್ಕಳು ಹತ್ತು. ಓದು ಬರಹ ಬರುತ್ತಿರಲಿಲ್ಲ. ಜಮೀನು ಪತ್ರಗಳಲ್ಲಿ ಸಹಿ ಇರಬೇಕಾದ ಕಡೆ ಒಂದು ಗುಣಿಸು ಗುರುತು ಹಾಕುತ್ತಿದ್ದಳು. ನಮ್ಮಜ್ಜಿಯ ಹೆಬ್ಬೆಟ್ಟು ನೆನಪಾಯಿತು.

1773ರಲ್ಲಿ ಕುಟುಂಬ ಕೆಂಟಕಿಗೆ ಹೊರಟಿತು. ಆ ನೆಲ ಖಾಲಿ ಇರಲಿಲ್ಲ. ಶಾನಿ, ಚೆರೊಕಿ ಎಂಬ ಮೂಲನಿವಾಸಿ ಜನರ ಬೇಟೆಯ ಕಾಡು ಅದು. ಬರುವವರನ್ನು ಅವರು ತಡೆದರು. ಹಿಟ್ಟು, ಸಾಮಾನು ತರಲು ಹೋಗಿದ್ದ ಹಿರಿಮಗ ಜೇಮ್ಸ್ ಕೆಲವೇ ಮೈಲಿ ಹಿಂದೆ ರಾತ್ರಿ ತಂಗಿದ್ದ. ಅಕ್ಟೋಬರ್ 10ರ ಬೆಳಗಿನ ಜಾವ ದಾಳಿಯಾಯಿತು. ಹದಿನಾರು ವರ್ಷದ ಹುಡುಗನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಹೂಳಲು ಹೊರಟವರ ಕೈಗೆ ರೆಬೆಕ್ಕಾ ತನ್ನ ಗಂಟಿನಿಂದ ಲಿನನ್ ದುಪ್ಪಟಿ ತೆಗೆದು ಕೊಟ್ಟಳಂತೆ, ಮಗನನ್ನು ಸುತ್ತಲು.

ನಾನು ಆ ದುಪ್ಪಟಿಯನ್ನೇ ಯೋಚಿಸುತ್ತಾ ನಿಂತೆ. ಆ ಕಾಲಕ್ಕೆ ಲಿನನ್ ಅಂದರೆ ಅಗಸೆ ಗಿಡ ಬೆಳೆದು, ಕೊಳೆಹಾಕಿ, ಬಡಿದು, ನಾರು ತೆಗೆದು, ನೂತು, ನೇಯ್ದು ಮಾಡಿದ್ದು. ಹೊಸ ಮನೆಗೆ ಅಂತ ಹೊತ್ತು ತಂದದ್ದು. ಅಕ್ಕನಿಗೆ ಹೇಳಿದೆ. ಅವಳು ಮಗಳ ಕೈ ಹಿಡಿದುಕೊಂಡಳು, ಮಾತಾಡಲಿಲ್ಲ.

ಎರಡು ವರ್ಷ ತಡೆದು, 1775ರ ಸೆಪ್ಟೆಂಬರ್‌ನಲ್ಲಿ ಅದೇ ದಾರಿಯಲ್ಲಿ ಅವಳು ಮತ್ತೆ ಬಂದಳು.

ಮಾರನೇ ದಿನ ಕೆಂಟಕಿಯಲ್ಲಿ ಡೇನಿಯಲ್ ಕಟ್ಟಿದ ಬೂನ್ಸ್‌ಬರೋ ಕೋಟೆಗೆ ಹೋದೆವು. ಮೂಲ ಕೋಟೆ ಇದ್ದದ್ದು ಕೆಳಗೆ, ಕೆಂಟಕಿ ನದಿಯ ಹತ್ತಿರದ ಬಯಲಿನಲ್ಲಿ. ಈಗಿನದು ಮೇಲ್ಗಡೆ ಹೊಸದಾಗಿ ಕಟ್ಟಿದ್ದು. ದಿಮ್ಮಿಗಳ ಮನೆ, ಒಳಗೆ ಒಲೆ, ನೂಲುವ ರಾಟೆ. ಇಲ್ಲಿಗೆ ಬಂದ ಹೆಂಗಸರಿಗೆ ಮೊದಮೊದಲು ಅಗಸೆಯೂ ಇಲ್ಲ, ಕುರಿಯೂ ಇಲ್ಲ. ತುರುಚೆ ಜಾತಿಯ ಗಿಡದ ನಾರು ತೆಗೆದು, ಬೈಸನ್ ಉಣ್ಣೆ ಸೇರಿಸಿ ಬಟ್ಟೆ ನೇಯುತ್ತಿದ್ದರು.

ನದಿ ಹಸಿರಾಗಿ, ಮೆಲ್ಲಗೆ ಹರಿಯುತ್ತದೆ. 1776ರ ಜುಲೈ 14, ಭಾನುವಾರ. ಹದಿಮೂರರ ಮಗಳು ಜೆಮೈಮಾ ಇಬ್ಬರು ಗೆಳತಿಯರ ಜೊತೆ ಇಲ್ಲಿ ದೋಣಿಯಲ್ಲಿದ್ದಾಗ ಶಾನಿ, ಚೆರೊಕಿ ಗುಂಪು ಅವರನ್ನು ಹಿಡಿದೊಯ್ದಿತು. ಹುಡುಗಿಯರು ದಾರಿಯುದ್ದಕ್ಕೂ ಕಡ್ಡಿ ಮುರಿದು, ಬಟ್ಟೆ ಚೂರು ಬೀಳಿಸುತ್ತಾ ಹೋದರು. ಆ ಗುರುತು ಹಿಡಿದು ಅಪ್ಪ ಮೂರನೇ ದಿನ ಬಿಡಿಸಿ ತಂದ. ಜುಲೈ 4ರ ಸ್ವಾತಂತ್ರ್ಯ ಘೋಷಣೆಯ ಸುದ್ದಿ ಈ ಕಾಡಿಗೆ ಇನ್ನೂ ಮುಟ್ಟಿರಲೇ ಇಲ್ಲ!

1778ರಲ್ಲಿ ಉಪ್ಪು ಕಾಯಿಸಲು ಹೋದ ಡೇನಿಯಲ್ ಶಾನಿ ಜನರಿಗೆ ಸೆರೆಯಾದ. ಸತ್ತ ಅಂತಲೇ ನಂಬಿ ರೆಬೆಕ್ಕಾ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋದಳು. ಅವನು ತಪ್ಪಿಸಿಕೊಂಡು ನಾಲ್ಕು ದಿನದಲ್ಲಿ 160 ಮೈಲಿ ದಾಟಿ ಬಂದರೆ, ಮನೆ ಖಾಲಿ. ಮದುವೆಯಾಗಿದ್ದ ಜೆಮೈಮಾ ಮಾತ್ರ ಕೋಟೆಯಲ್ಲಿದ್ದಳು. ಅವನು ಮತ್ತೆ ಹೋಗಿ ಕರೆದ, ರೆಬೆಕ್ಕಾ ಮತ್ತೆ ಬಂದಳು. 1782ರ ಆಗಸ್ಟ್‌ನಲ್ಲಿ ಬ್ಲೂ ಲಿಕ್ಸ್ ಕದನದಲ್ಲಿ ಇನ್ನೊಬ್ಬ ಮಗ ಇಸ್ರೇಲ್ ತೀರಿಕೊಂಡ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರು ಯಾರ್ಕ್‌ಟೌನ್‌ನಲ್ಲಿ ಶರಣಾಗಿ ಆಗಲೇ ಹತ್ತು ತಿಂಗಳಾಗಿತ್ತು.

ಇದೆಲ್ಲ ನಮಗೆ ಗೊತ್ತಾಗಿರುವುದು ಬಹುಪಾಲು ಮನೆಯವರ ಬಾಯಿಂದ. ಕಿರಿಮಗ ನೇಥನ್, ಅವನ ಹೆಂಡತಿ ಆಲಿವ್ ಇಬ್ಬರೂ 1851ರಲ್ಲಿ ಲೈಮನ್ ಡ್ರೇಪರ್ ಎಂಬ ಸಂಗ್ರಾಹಕನ ಮುಂದೆ ಕೂತು ನೆನಪು ಹೇಳಿದರು. ಬರೆಯಲು ಬಾರದ ಅತ್ತೆಯ ಕಥೆ ಸೊಸೆಯ ನಾಲಿಗೆಯಲ್ಲೂ ಉಳಿಯಿತು.

ಜಮೀನು ಕೈತಪ್ಪಿ, 1799ರಲ್ಲಿ ಅರವತ್ತರ ವಯಸ್ಸಿನಲ್ಲಿ ರೆಬೆಕ್ಕಾ ಮಿಸ್ಸೌರಿಗೆ ಹೊರಟಳು. 1813ರ ಮಾರ್ಚ್‌ನಲ್ಲಿ ಮೇಪಲ್ ರಸ ಕಾಯಿಸಿ ಸಕ್ಕರೆ ಮಾಡುವ ಸುಗ್ಗಿ, ನಮ್ಮ ಆಲೆಮನೆ ಇದ್ದಂತೆ. ಆ ಕೆಲಸದ ದಿನಗಳಲ್ಲೇ ಕಾಯಿಲೆ ಬಿದ್ದು ಜೆಮೈಮಾಳ ಮನೆಯಲ್ಲಿ ಕಣ್ಣುಮುಚ್ಚಿದಳು.

ಕೊನೆಗೆ ಕೆಂಟಕಿಯ ರಾಜಧಾನಿ ಫ್ರಾಂಕ್‌ಫರ್ಟ್. 1845ರಲ್ಲಿ ಗಂಡ ಹೆಂಡತಿ ಇಬ್ಬರ ಅಸ್ಥಿಯನ್ನೂ ಮಿಸ್ಸೌರಿಯಿಂದ ಇಲ್ಲಿಗೆ ತಂದರಂತೆ. ತಂದದ್ದು ಬೇರೆಯವರ ಅಸ್ಥಿ ಎಂಬ ವಾದ ಮಿಸ್ಸೌರಿಯವರದ್ದು. ಗುಡ್ಡದ ತುದಿಯ ಸ್ಮಾರಕದ ನಾಲ್ಕೂ ಬದಿಯಲ್ಲಿ ಅಮೃತಶಿಲೆಯ ಕೆತ್ತನೆ. ಒಂದರಲ್ಲಿ ಅವನು ಕಾದಾಡುತ್ತಿದ್ದಾನೆ. ನಾನು ಸುತ್ತು ಹಾಕಿ ಅವಳನ್ನು ಹುಡುಕಿದೆ. ಸಿಕ್ಕಳು. ಹಸುವಿನ ಪಕ್ಕ ಕೂತು ಹಾಲು ಕರೆಯುತ್ತಿದ್ದಳು. ಅಕ್ಕನ ಮಗಳು ಬೇಲಿಯಾಚೆಯಿಂದ ಬಗ್ಗಿ ತುಂಬಾ ಹೊತ್ತು ನೋಡಿದಳು. ಕೆಳಗೆ ಅದೇ ಕೆಂಟಕಿ ನದಿ ಹರಿಯುತ್ತಿತ್ತು.