16 ಥ್ರೆಡ್ ಹಾಕಿದ್ರೂ ಓಡದ ಕೋಡು, ದಾರಿ ತಪ್ಪಿಸಿದ ಪ್ರೊಫೈಲರ್ರು

ಮೊನ್ನೆ ನನ್ನ ಪ್ರೋಗ್ರಾಮಿನ ಒಂದು ಲೂಪನ್ನ 4 ಥ್ರೆಡ್‌ನಿಂದ (ಥ್ರೆಡ್ ಅಂದ್ರೆ ಒಟ್ಟೊಟ್ಟಿಗೆ ಓಡೋ ಕೆಲಸದ ಎಳೆ) 16ಕ್ಕೆ ಏರಿಸಿದೆ, ಬೇಗ ಮುಗಿಯೋದಿರಲಿ, ಮೊದಲಿಗಿಂತ ನಿಧಾನ ಆಗೋಯ್ತು. ಸರಿ ಅಂತ ಪ್ರತಿ ಫಂಕ್ಷನ್ ಶುರುವಲ್ಲೂ ಕೊನೇಲೂ ಟೈಮ್ ಬರ್ಕೊಂಡು, ಕೋಡಿನ ಯಾವ ಭಾಗ ಎಷ್ಟು ಹೊತ್ತು ತಿನ್ನುತ್ತೆ ಅಂತ ಹೇಳೋ ಒಂದು ಪ್ರೊಫೈಲರ್ ಹಾಕಿದ್ರೆ ಅದು ಒಂದು ಚಿಕ್ಕ ಲೆಕ್ಕದ ಫಂಕ್ಷನ್ ಕಡೆ ಬೆರಳು ತೋರಿಸ್ತು, ಮೂರು ದಿನ ಅದನ್ನೇ ತಿದ್ದಿ ತೀಡಿ ಕೂತಿದ್ದೆ, ಒಂದು ಸೆಕೆಂಡೂ ಉಳೀಲಿಲ್ಲ.

ಆಮೇಲೆ ಗೊತ್ತಾಗಿದ್ದು ಏನಂದ್ರೆ, ಆ ಫಂಕ್ಷನ್ನು ಕೋಟಿಗಟ್ಟಲೆ ಸಲ ಕರೆಯೋದು, ಪ್ರತಿ ಸಲ ಟೈಮ್ ಬರ್ಕೊಳ್ಳೋ ಖರ್ಚೇ ಫಂಕ್ಷನ್ ಕೆಲಸಕ್ಕಿಂತ ಜಾಸ್ತಿ. ಪ್ರೊಸೆಸರ್‌ನ ಕೋರ್‌ಗಳು ಒಂದೇ ಮೆಮೊರಿ ಜಾಗಕ್ಕೆ ಎಲ್ಲಿ ಕಿತ್ತಾಡ್ತಿವೆ ಅಂತ ತೋರಿಸೋ ಲಿನಕ್ಸ್‌ನ ಪರ್ಫ್ ಸಿಟುಸಿ (perf c2c) ಹಾಕಿ ನೋಡಿದ್ಮೇಲೆ ನಿಜ ಸಿಕ್ತು. ಪ್ರತಿ ಥ್ರೆಡ್‌ಗೂ ಒಂದೊಂದು ಕೌಂಟರ್ ಇಟ್ಟಿದ್ದೆ, ಒಂದೊಂದೂ 8 ಬೈಟು, ಒಂದರ ಪಕ್ಕ ಒಂದು. ಕೋರ್ ತನ್ನ ಹತ್ತಿರದ ವೇಗದ ಮೆಮೊರಿಗೆ ಒಂದು ಸಲಕ್ಕೆ ತರೋ ತುಂಡು, ಅಂದ್ರೆ ಕ್ಯಾಶ್ ಲೈನ್, 64 ಬೈಟು, ಹಾಗಾಗಿ ಒಂದೇ ಲೈನಲ್ಲಿ ಎಂಟೆಂಟು ಕೌಂಟರು, ಯಾರು ತಮ್ಮದನ್ನ ಬರೆದ್ರೂ ಮಿಕ್ಕವರ ಕಾಪಿ ರದ್ದು, ಇಡೀ ಹೊತ್ತು ಕೋರ್‌ಗಳು ಆ ಲೈನಿಗೆ ಕಿತ್ತಾಡ್ತಾ ಇದ್ವು! ಫಾಲ್ಸ್ ಶೇರಿಂಗ್ ಅನ್ನೋದು ಇದನ್ನೇ. ಒಂದೊಂದು ಕೌಂಟರ್‌ಗೂ ಪೂರ್ತಿ 64 ಬೈಟ್ ಜಾಗ ಬಿಟ್ಟೆ, ಸರಿಹೋಯ್ತು.

ಹಲವು ಮಷೀನ್‌ಗಳ ಮೇಲೆ ಎಂಪಿಐ (ಪ್ರೋಸೆಸ್‌ಗಳು ಒಂದಕ್ಕೊಂದು ಮೆಸೇಜು ಕಳಿಸ್ಕೊಂಡು ಕೆಲಸ ಹಂಚ್ಕೊಳ್ಳೋ ವ್ಯವಸ್ಥೆ) ಓಡಿಸೋವಾಗ ಪಾಡು ಇನ್ನೂ ಕಷ್ಟ. ಒಂದು ಪ್ರೋಸೆಸ್ ಪಾಲಿಗೆ ಕೆಲಸ ಜಾಸ್ತಿ ಬಿದ್ದಿರುತ್ತೆ, ಮಿಕ್ಕವೆಲ್ಲ ಬ್ಯಾರಿಯರ್‌ನಲ್ಲಿ, ಅಂದ್ರೆ ಎಲ್ಲರೂ ಬರೋವರೆಗೂ ಯಾರೂ ದಾಟಬಾರದ ಜಾಗದಲ್ಲಿ, ಅದಕ್ಕೆ ಕಾಯ್ತಾ ನಿಂತಿರ್ತವೆ, ರಿಪೋರ್ಟ್‌ನಲ್ಲಿ ಮಾತ್ರ ಟೈಮ್ ತಿಂದಿದ್ದು ಬ್ಯಾರಿಯರ್ ಅಂತ ಬರುತ್ತೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಸ್ಕಲಾಸ್ಕಾ ಥರದ ಟೂಲ್‌ಗಳು ಯಾರಿಂದ ಯಾರು ಕಾದರು ಅಂತ ಹುಡುಕಿ ಕೊಡ್ತವೆ, ಅದಕ್ಕೇ ಅವುಗಳ ಮೇಲೆ ನನಗೆ ಗೌರವ. ಮಷೀನ್‌ಗಳ ಗಡಿಯಾರ ಒಂದಕ್ಕೊಂದು ಚೂರು ಹಿಂದೆಮುಂದೆ ಇದ್ರೂ ಸಾಕು, ಟ್ರೇಸಲ್ಲಿ (ಯಾವಾಗ ಏನಾಯ್ತು ಅಂತ ಟೂಲ್ ಬರ್ಕೊಂಡ ದಾಖಲೆಯಲ್ಲಿ) ಮೆಸೇಜು ಕಳಿಸೋಕೆ ಮುಂಚೆನೇ ತಲುಪಿದ ಹಾಗೆ ಕಾಣುತ್ತೆ, ಅದನ್ನೂ ಟೂಲೇ ಸರಿಮಾಡ್ಬೇಕು.

ಇಷ್ಟು ಯಾಕೆ ತಲೆ ಕೆಡಿಸ್ಕೋತೀನಿ ಅಂದ್ರೆ, ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ಹೇಳಿದ್ದ ಲೆಕ್ಕ ಇದೆಯಲ್ಲ, ಅದರ ಪ್ರಕಾರ ಕೋಡಲ್ಲಿ 5% ಸಾಲಾಗಿ ಒಂದಾದ್ಮೇಲೊಂದೇ ಓಡ್ಬೇಕು ಅಂದ್ರೆ ಎಷ್ಟು ಕೋರ್ ಸುರಿದ್ರೂ 20 ಪಟ್ಟು ವೇಗ ದಾಟಲ್ಲ, 2% ಆದ್ರೆ 50 ಪಟ್ಟು. ಟೂಲು ಅಳೆಯೋದ್ರಲ್ಲಿ ಮೂರು ಪರ್ಸೆಂಟ್ ಎಡವಿದ್ರೆ ಎಷ್ಟು ಮಷೀನ್ ಬೇಕು ಅನ್ನೋ ಲೆಕ್ಕವೇ ತಲೆಕೆಳಗು.

ಈಗ ನಾನು ಮೊದಲು ಟೂಲ್ ಇಲ್ಲದೆ ಓಡಿಸಿ ಟೈಮ್ ಬರೆದಿಟ್ಕೋತೀನಿ, ಆಮೇಲೆ ಟೂಲ್ ಹಾಕಿ ಓಡಿಸ್ತೀನಿ, ಎರಡಕ್ಕೂ ತುಂಬ ವ್ಯತ್ಯಾಸ ಬಂದ್ರೆ ಆ ರಿಪೋರ್ಟ್ ನಂಬಲ್ಲ. ನಿಜ ಹೇಳ್ಬೇಕಂದ್ರೆ ಈ ಕೆಲಸ ನನ್ನದಾಗಬಾರದು, ತಾನು ಎಷ್ಟು ಟೈಮ್ ತಿಂದೆ ಅಂತ ಪ್ರೊಫೈಲರ್ರೇ ರಿಪೋರ್ಟ್‌ನ ಮೊದಲ ಸಾಲಲ್ಲಿ ಹೇಳ್ಬೇಕು.