ಸೆನುಫೊ ಮುಖವಾಡ ನೋಡಲು ಕೊರೊಗೊಗೆ ಹೊರಟವರಿಗೆ

ಮೊದಲೇ ಹೇಳಿಬಿಡುತ್ತೇನೆ. ಸೆನುಫೊ ಜನರ, ಊರು ಕಾಯುವ ಪ್ರಾಣಿ ಮುಖವಾಡ ಕುಣಿಯುವುದನ್ನು ನೋಡಲೇಬೇಕು ಅಂತ ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್‌ಗೆ ಹೋದರೆ, ನೋಡದೇ ವಾಪಸ್ ಬರುವ ಸಾಧ್ಯತೆಯೇ ಜಾಸ್ತಿ. ನಾನೂ ಹಾಗೇ ಬಂದೆ. ಆದರೂ ಹೋಗಿ.

ದಕ್ಷಿಣ ಕರಾವಳಿಯ ದೊಡ್ಡ ನಗರ ಅಬಿಜಾನ್‌ನಿಂದ ಉತ್ತರದ ಕೊರೊಗೊ 600 ಕಿ.ಮೀ.ಗೂ ಜಾಸ್ತಿ. ಬಸ್ಸಿನಲ್ಲಿ ಇಡೀ ದಿನ ಹಿಡಿಯುತ್ತದೆ. ದಾರಿಯಲ್ಲಿ ಬುವಾಕೆಯಲ್ಲಿ ಒಂದು ರಾತ್ರಿ ತಂಗಿದರೆ ಸೊಂಟಕ್ಕೆ ಒಳ್ಳೆಯದು. ಹಳದಿ ಜ್ವರದ ಲಸಿಕೆಯನ್ನು ಹೊರಡುವ 10 ದಿನ ಮುಂಚೆಯಾದರೂ ಹಾಕಿಸಿಕೊಳ್ಳಿ. ಆ ಕಾರ್ಡ್ ಇಲ್ಲದೆ ಭಾರತಕ್ಕೆ ಮರಳಿದರೆ 6 ದಿನದವರೆಗೂ ಕ್ವಾರಂಟೈನ್‌ನಲ್ಲಿ ಇರಿಸಬಹುದು. ಇಂಗ್ಲಿಷ್ ನಂಬಿಕೊಂಡು ಹೋಗಬೇಡಿ. ಅಲ್ಲಿ ನಡೆಯುವುದು ಫ್ರೆಂಚ್, ಸಂತೆಯಲ್ಲಾದರೆ ಜುಲಾ.

ಕೊರೊಗೊದಲ್ಲಿ ಮುಖವಾಡ ಕೆತ್ತುವವರು ಕುಲೆಬೆಲೆ ಎಂಬ ಪಂಗಡದವರು. ಒಬ್ಬ ಅಜ್ಜನ ಪಕ್ಕ ಅರ್ಧ ದಿನ ಕೂತಿದ್ದೆ. ಬಾಚಿಯ ಏಟಿಗೆ ಮರದಿಂದ ಒಂದೊಂದೇ ಪ್ರಾಣಿ ಹೊರಬರುತ್ತಿತ್ತು. ಮೊಸಳೆಯದೋ ಕತ್ತೆಕಿರುಬನದೋ ಅನ್ನಿಸುವ ತೆರೆದ ಬಾಯಿ, ಕಾಡುಹಂದಿಯ ಕೋರೆ, ಹುಲ್ಲೆಯ ಕೊಂಬು. ನೆತ್ತಿಯ ಮೇಲೆ ಗೋಸುಂಬೆ, ಮಂಗಟ್ಟೆ ಹಕ್ಕಿ. ಕೊಂಬುಗಳ ನಡುವೆ ಒಂದು ಪುಟ್ಟ ಬಟ್ಟಲು. ಅಲಂಕಾರಕ್ಕೆ ಇರಬೇಕು ಅಂದುಕೊಂಡಿದ್ದೆ. ಅಜ್ಜ ಅದರೊಳಗೆ ಬೆರಳಾಡಿಸಿ, ಖಾಲಿ ಇದೆ, ಅದಕ್ಕೇ ಮಾರುತ್ತಿದ್ದೇನೆ ಎಂದು ನಕ್ಕರು. ಮಾಟ ತಡೆಯುವ ಮದ್ದು ಇಡುವುದು ಆ ಬಟ್ಟಲಲ್ಲೇ. ಮದ್ದಿದ್ದರೆ ಮುಖವಾಡ, ಇಲ್ಲದಿದ್ದರೆ ಬರೀ ಮರ!

ನಿಜವಾದದ್ದು ಪೊರೊ ಎಂಬ ಗಂಡಸರ ಕೂಟದ ವಶದಲ್ಲಿರುತ್ತದೆ. ಹಿರಿಯರ ಸಾವಾದಾಗ ಹೊರಬರುತ್ತದೆ. ಸತ್ತವರ ಜೀವ ಊರಲ್ಲೇ ಅಲೆದಾಡದೆ ಪೂರ್ವಿಕರ ಲೋಕಕ್ಕೆ ಹೋಗಲಿ, ಮಾಟಗಾರರು ಹತ್ತಿರ ಸುಳಿಯದಿರಲಿ ಅಂತ. ಕೆಲವು ಮುಖವಾಡಗಳ ಮೂತಿಯಿಂದ ಕಿಡಿ ಹಾರಿಸುತ್ತಿದ್ದರಂತೆ. ಕೆಲವನ್ನು ದೀಕ್ಷೆಯಾಗದವರು ನೋಡುವಂತೆಯೇ ಇಲ್ಲ. ದುಡ್ಡು ಕೊಡ್ತೀನಿ ಅಂತ ಮಾತ್ರ ಕೇಳಬೇಡಿ.

ಹಳ್ಳಿಯ ಅಂಚಿನಲ್ಲಿ ದಟ್ಟ ಮರಗಳ ತೋಪು ಕಂಡರೆ ಅದು ಅವರ ದೇವರಕಾಡು. ನಾನು ಸುಮ್ನೆ ಒಂದು ಫೋಟೊ ಅಂತ ಮೊಬೈಲ್ ಎತ್ತಿದೆ. ಜೊತೆಗಿದ್ದ ಹುಡುಗ ಮಾತಾಡದೆ ನನ್ನ ಕೈ ಹಿಡಿದು ಕೆಳಗಿಳಿಸಿದ. ಆಮೇಲೆ ಊರಿನ ಹಿರಿಯರ ಹತ್ತಿರ ಹೋಗಿ ಕ್ಷಮೆ ಕೇಳಬೇಕಾಯಿತು. ನೀವು ಹಳ್ಳಿಗೆ ಹೋದ ಕೂಡಲೇ ಮೊದಲು ಅವರನ್ನೇ ಕಂಡುಬಿಡಿ.

ಎಲ್ಲರೂ ನೋಡಬಹುದಾದದ್ದು ಬೊಲೊಯೆ, ಅಂದರೆ ಚಿರತೆ ಕುಣಿತ. ತಲೆಯಿಂದ ಕಾಲಿನವರೆಗೂ ಚುಕ್ಕೆ ಬಟ್ಟೆ, ಮುಖವೂ ಕಾಣದು. ಸೋರೆಬುರುಡೆ ವಾದ್ಯದ ತಾಳಕ್ಕೆ ಆಳು ಗಾಳಿಯಲ್ಲೇ ಲಾಗ ಹಾಕುತ್ತಾನೆ. ಇದೂ ಒಂದು ಕಾಲಕ್ಕೆ ದೀಕ್ಷೆಯಾದವರಿಗಷ್ಟೇ ಇತ್ತು. ನೇಕಾರರ ಊರು ವರಾನಿಯೆನೆ ಕೊರೊಗೊ ಪಕ್ಕದಲ್ಲೇ ಇದೆ, ಅದೇ ದಿನ ಮುಗಿಸಬಹುದು.

ಮುಖವಾಡ ಕೊಳ್ಳುವಾಗ 'ನೂರು ವರ್ಷ ಹಳೇದು' ಅಂದರೆ ನಂಬಬೇಡಿ. ಹೊಗೆ, ಮಣ್ಣು ಹಿಡಿಸಿ ಹಳತು ಮಾಡುವುದೂ ಅಲ್ಲಿ ಒಂದು ಕಸುಬು. ಉದ್ದ ಕೊಕ್ಕಿನದನ್ನು ಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲೇ ತನ್ನಿ. ನಾನು ಸೂಟ್‌ಕೇಸಿಗೆ ಹಾಕಿದ್ದೆ. ಮಂಗಟ್ಟೆಯ ಕೊಕ್ಕು ಮುರಿದು, ಈಗ ಫೆವಿಕಾಲ್ ಮೇಲೆ ನಿಂತಿದೆ. ಬಟ್ಟಲಲ್ಲಿ ಮನೆಯ ಬೀಗದ ಕೈ ಇಡುತ್ತೇವೆ.